ನಾಸೋ ಬೀದಿಯ ಕೆಳಗಿನ ಬಾವಿ

ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನ ದಕ್ಷಿಣದ ಅಂಚಿಗೆ ಹೊಂದಿಕೊಂಡು ಸಾಗುವ ನಾಸೋ ಬೀದಿಯ ಅಡಿಯಲ್ಲಿ ಸಂತ ಪ್ಯಾಟ್ರಿಕ್ಕನ ಬಾವಿಯಿದೆ. ನೆಲದಡಿಯಲ್ಲಿ ಕಲ್ಲು ಕಟ್ಟಿದ ಕಿರಿದಾದ ಕೋಣೆ, ಅದಕ್ಕೊಂದು ಕಮಾನು, ಕಮಾನಿನ ಮೇಲೆ ಮಣ್ಣು, ಮಣ್ಣಿನ ಮೇಲೆ ಡಾಂಬರು, ಡಾಂಬರಿನ ಮೇಲೆ ಹಗಲಿಡೀ ಬಸ್ಸುಗಳ ಓಡಾಟ. ಸಾರ್ವಜನಿಕರಿಗೆ ಅಲ್ಲಿ ಪ್ರವೇಶವಿಲ್ಲ. ಎದುರಿನ ಸಾಲಿನಲ್ಲಿ ಉಣ್ಣೆಯ ಸ್ವೆಟರು, ನೆನಪಿನ ಕಾಣಿಕೆ ಕೊಳ್ಳುತ್ತ ನಡೆಯುವ ಪ್ರವಾಸಿಗಳಿಗೆ, ತಮ್ಮ ಕಾಲಡಿಯಲ್ಲಿ ಒಂದು ಕಾಲಕ್ಕೆ ಊರಿಗೆ ಊರೇ ಸೇರುತ್ತಿದ್ದ ತೀರ್ಥವಿದೆ ಎಂದು ಅನುಮಾನವೂ ಬರುವುದಿಲ್ಲ. ಕಳೆದುಹೋದ ಬಾವಿ ಎಂದು ಇದನ್ನು ಕರೆಯುವುದು ವಾಡಿಕೆ. ಆ ಮಾತು ಅರ್ಧ ಮಾತ್ರ ನಿಜ. ಬಾವಿಯನ್ನು ಯಾರೂ ಕಿತ್ತು ಹಾಕಲಿಲ್ಲ. ಸುತ್ತಲಿನ ನೆಲ ಮೇಲೆದ್ದಿತು, ಜನ ಬರುವುದನ್ನು ಬಿಟ್ಟರು. ಇವೆರಡೂ ಹೇಗಾದವು ಎಂಬುದೇ ಇದರ ಚರಿತ್ರೆ.

ಐರ್ಲೆಂಡಿನಲ್ಲಿ ಇಂಥ ತೀರ್ಥಬಾವಿಗಳು ಸುಮಾರು 3,000 ಇವೆ, ಇಲ್ಲವೇ ಇದ್ದವು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಬಾವಿ ಎಂದೊಡನೆ ರಾಟೆ, ಹಗ್ಗ, ಆಳದಲ್ಲಿ ಮಿನುಗುವ ನೀರು ಕಣ್ಣಿಗೆ ಬಂದರೆ ಚಿತ್ರ ತಪ್ಪುತ್ತದೆ. ಬಹುಪಾಲು ಇವು ಬರಿಯ ಊಟೆಗಳು: ಗುಡ್ಡದ ಬುಡದಲ್ಲೋ ಹೊಲದ ಮೂಲೆಯಲ್ಲೋ ನೀರು ಜಿನುಗುವ ಜಾಗ, ಸುತ್ತ ಮೊಣಕಾಲೆತ್ತರದ ಕಲ್ಲುಕಟ್ಟು, ಇಳಿಯಲು ಎರಡು ಮೂರು ಮೆಟ್ಟಿಲು, ಪಕ್ಕದಲ್ಲೊಂದು ಮುಳ್ಳಿನ ಮರ. ಒಂದೊಂದು ಬಾವಿಗೂ ಒಬ್ಬೊಬ್ಬ ಸಂತನ ಹೆಸರು. ಒಂದೊಂದು ನೀರಿಗೂ ಒಂದೊಂದು ಗುಣ. ಇದು ಕಣ್ಣಿನ ಬೇನೆಗೆ, ಅದು ಹಲ್ಲುನೋವಿಗೆ, ಇನ್ನೊಂದು ನರುಳಿಗೆ. ಸಂತನ ಹಬ್ಬದ ದಿನ ಜನ ಬಂದು ಬಾವಿಯನ್ನು ಸೂರ್ಯ ಸಾಗುವ ದಿಕ್ಕಿನಲ್ಲಿ ಸುತ್ತು ಹಾಕುತ್ತಿದ್ದರು. ಸುತ್ತಿನ ಲೆಕ್ಕ ತಪ್ಪದಿರಲೆಂದು ಕೈಯಲ್ಲಿ ಬೆಣಚುಕಲ್ಲು ಹಿಡಿದು, ಸುತ್ತು ಮುಗಿದಂತೆ ಒಂದೊಂದನ್ನೇ ಬಿಡುತ್ತಿದ್ದರು. ಕೊನೆಗೆ ನೀರು ಕುಡಿದು, ಉಟ್ಟ ಬಟ್ಟೆಯ ಚಿಂದಿಯೊಂದನ್ನು ಮರಕ್ಕೆ ಕಟ್ಟಿ ಹೋಗುತ್ತಿದ್ದರು; ಚಿಂದಿ ಕೊಳೆತಂತೆ ರೋಗವೂ ಕಳೆಯುತ್ತದೆ ಎಂಬ ನಂಬಿಕೆ. ಹರಕೆ, ಪ್ರದಕ್ಷಿಣೆ, ಜಾತ್ರೆ ಎಂಬ ಮಾತುಗಳನ್ನು ಬಳಸಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಹಬ್ಬದ ದಿನದ ಈ ಕೂಟಕ್ಕೆ ಅಲ್ಲಿ ಪ್ಯಾಟರ್ನ್ ಎಂದು ಹೆಸರು. ಬೆಳಗ್ಗೆ ಜಪ, ಮಧ್ಯಾಹ್ನ ಬಿಯರು, ಸಂಜೆಗೆ ಕುಣಿತ, ಕತ್ತಲಾಗುವ ಹೊತ್ತಿಗೆ ಎರಡು ಕಡೆಯವರ ನಡುವೆ ದೊಣ್ಣೆಯ ಹೊಡೆದಾಟ, ಇದು ಎಷ್ಟೋ ಪ್ಯಾಟರ್ನುಗಳ ದಿನಚರಿಯಾಗಿತ್ತು.

ನಾಸೋ ಬೀದಿಯ ಬಾವಿ ಅರ್ಥವಾಗಬೇಕಾದರೆ ಇಂದಿನ ಡಬ್ಲಿನ್ನಿನ ನಕ್ಷೆಯನ್ನು ಪಕ್ಕಕ್ಕಿಡಬೇಕು. ಇಂದು ಲಿಫಿ ನದಿ ಎರಡು ಕಲ್ಲುಗೋಡೆಗಳ ನಡುವೆ ಅಂಕೆಯಲ್ಲಿ ಹರಿಯುತ್ತದೆ. 17ನೆಯ ಶತಮಾನದವರೆಗೂ ಅದಕ್ಕೆ ಈ ಭಾಗದಲ್ಲಿ ದಡವೆಂಬುದೇ ಗಟ್ಟಿಯಾಗಿರಲಿಲ್ಲ. ಭರತ ಬಂದಾಗ ಉಪ್ಪುನೀರು ಈಗಿನ ಕಾಲೇಜಿನ ಉತ್ತರದ ಬೀದಿಗಳವರೆಗೂ ಹರಡುತ್ತಿತ್ತು. ಇಳಿದಾಗ ಬರಿಯ ಕೆಸರಿನ ಬಯಲು. 1660ರ ದಶಕದ ಮೊದಲಲ್ಲಿ ಹಾಕಿನ್ಸ್ ಎಂಬಾತ ಕಟ್ಟಿಸಿದ ಗೋಡೆಯಿಂದ ಸಮುದ್ರ ಹಿಂದೆ ಸರಿಯತೊಡಗಿತು. ಆತನ ಹೆಸರಿನ ಬೀದಿ ಈಗಲೂ ಇದೆ, ಸಮುದ್ರ ಮಾತ್ರ ಅಲ್ಲಿಂದ ಬಹು ದೂರ.

841ರಲ್ಲಿ ನೆಲೆಯೂರಿದ ವೈಕಿಂಗರು ಈ ಕೆಸರಿನ ದಂಡೆಯ ಮೇಲೆ ಎರಡು ಗುರುತುಗಳನ್ನು ಬಿಟ್ಟಿದ್ದರು. ಒಂದು, ದಂಡೆಯಲ್ಲಿ ನೆಟ್ಟ ಉದ್ದನೆಯ ಕಲ್ಲು. ಮೂಲ ಕಲ್ಲು 18ನೆಯ ಶತಮಾನದಲ್ಲಿ ಮಾಯವಾಯಿತು. ಅದರ ನೆನಪಿಗೆಂದು ಶಿಲ್ಪಿ ಕ್ಲೀನಾ ಕಸನ್ ಕೆತ್ತಿದ ಕಲ್ಲೊಂದನ್ನು 1986ರಲ್ಲಿ ಕಾಲೇಜಿನ ಸಮೀಪ ನಿಲ್ಲಿಸಿದ್ದಾರೆ. ಇನ್ನೊಂದು, ಥಿಂಗ್‌ಮೋಟ್ ಎಂಬ ಮಣ್ಣಿನ ದಿಬ್ಬ. ಸುಮಾರು 40 ಅಡಿ ಎತ್ತರದ ಈ ದಿಬ್ಬದ ಮೇಲೆ ಅವರ ಸಭೆ ಸೇರುತ್ತಿತ್ತು, ನ್ಯಾಯ ತೀರ್ಮಾನವಾಗುತ್ತಿತ್ತು. 1171ರ ಚಳಿಗಾಲದಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಹೆನ್ರಿ ಇದರ ಆಸುಪಾಸಿನಲ್ಲೇ ತಡಿಕೆಯ ಅರಮನೆ ಕಟ್ಟಿಸಿಕೊಂಡು, ಐರಿಷ್ ಅರಸರನ್ನು ಕರೆಸಿ ಕ್ರಿಸ್‌ಮಸ್ ಔತಣ ಕೊಟ್ಟ. ಬಾವಿಯ ಕಥೆಯಲ್ಲಿ ಕಲ್ಲಿಗಿಂತ ಈ ದಿಬ್ಬವೇ ಮುಖ್ಯ.

ಬಾವಿಯ ಹುಟ್ಟಿನ ಕಥೆ ಜೋಸಲಿನ್ ಎಂಬ ಇಂಗ್ಲಿಷ್ ಸನ್ಯಾಸಿ 1185ರ ಸುಮಾರಿಗೆ ಲ್ಯಾಟಿನ್ನಿನಲ್ಲಿ ಬರೆದ ಪ್ಯಾಟ್ರಿಕ್ ಚರಿತ್ರೆಯಲ್ಲಿದೆ. ಡಬ್ಲಿನ್ನಿಗೆ ಬಂದ ಸಂತನಿಗೆ ಆಶ್ರಯ ಕೊಟ್ಟ ಹೆಂಗಸು, ಭರತದ ನೀರು ಸೇರಿ ಊರಿನ ನೀರೆಲ್ಲ ಉಪ್ಪಾಗುತ್ತದೆ, ಕುಡಿಯಲು ಸಿಹಿನೀರಿಗೆ ಬಹಳ ದೂರ ಹೋಗಬೇಕು ಎಂದು ದೂರುತ್ತಾಳೆ. ಪ್ಯಾಟ್ರಿಕ್ ತನ್ನ ಕೈಯ ಊರುಗೋಲಿನಿಂದ ನೆಲಕ್ಕೆ ಕುಟ್ಟುತ್ತಾನೆ, ಸಿಹಿನೀರು ಚಿಮ್ಮುತ್ತದೆ. ಜೋಸಲಿನ್ನನ ಡಬ್ಲಿನ್ನಿನಲ್ಲಿ ಪ್ಯಾಟ್ರಿಕ್ಕನ ಕಾಲಕ್ಕೇ ವೈಕಿಂಗರು ಇದ್ದಾರೆ. ಅವರು ಬಂದದ್ದು ಸಂತನ ನಂತರ ನಾಲ್ಕು ಶತಮಾನ ಕಳೆದ ಮೇಲೆ. ಪ್ಯಾಟ್ರಿಕ್ ತಾನೇ ಬರೆದಿಟ್ಟ ಆತ್ಮನಿವೇದನೆಯಲ್ಲಿ ಡಬ್ಲಿನ್ನಿನ ಹೆಸರೇ ಇಲ್ಲ. ಹಾಗಾಗಿ ಸಂತ ಇಲ್ಲಿಗೆ ಬಂದಿದ್ದನೆ ಎಂಬ ಪ್ರಶ್ನೆಯನ್ನು ಕೈಬಿಡುವುದೇ ಲೇಸು. ಆದರೆ ಕಥೆಯಲ್ಲಿ ಒಂದು ಅಂಶ ಸುಳ್ಳಲ್ಲ, ಅದು ಆ ಹೆಂಗಸಿನ ಗೋಳು. ಭರತದ ದಂಡೆಯಲ್ಲಿ ಕುಳಿತ ಊರಿಗೆ ಸಿಹಿನೀರಿನ ಊಟೆಯೊಂದು ಸಿಕ್ಕರೆ ಅದು ಪವಾಡವಲ್ಲದೆ ಇನ್ನೇನು? ಪವಾಡಕ್ಕೆ ಕಾರಣ ಹುಡುಕಲು ಹೊರಟವನು ಸಂತನ ದಾರಿ ಹಿಡಿಯುವ ಬದಲು ಸಮುದ್ರದ ಮಟ್ಟ ನೋಡಬೇಕು.

ಕಥೆಯ ಆ ಊರುಗೋಲು, ಯೇಸುವಿನ ದಂಡ ಎಂಬ ಹೆಸರಿನಿಂದ ಡಬ್ಲಿನ್ನಿನ ಕ್ರೈಸ್ಟ್ ಚರ್ಚಿನಲ್ಲಿ ಬಹುಕಾಲ ಪೂಜೆಗೊಳ್ಳುತ್ತಿತ್ತು. 1538ರಲ್ಲಿ, ಎಂಟನೆಯ ಹೆನ್ರಿಯ ಮತಸುಧಾರಣೆಯ ಭರಾಟೆಯಲ್ಲಿ, ಅದನ್ನು ಬಹಿರಂಗವಾಗಿ ಸುಟ್ಟರು. ಬಾವಿಯ ಪಕ್ಕದಲ್ಲಿದ್ದ ಆಲ್ ಹ್ಯಾಲೋಸ್ ಮಠ ಮುಚ್ಚಿದ್ದೂ ಅದೇ ವರ್ಷ. ಮಠದ ಜಮೀನು ನಗರಸಭೆಯ ಕೈಸೇರಿ, ಅಲ್ಲಿ 1592ರಲ್ಲಿ ಎಲಿಜಬೆತ್ ರಾಣಿಯ ಸನ್ನದಿನಿಂದ ಟ್ರಿನಿಟಿ ಕಾಲೇಜು ಎದ್ದಿತು. ಪ್ರಾಟೆಸ್ಟೆಂಟ್ ಪಾದ್ರಿಗಳನ್ನು ತಯಾರು ಮಾಡುವುದು ಅದರ ಉದ್ದೇಶಗಳಲ್ಲೊಂದು. ಹೀಗೆ ಕ್ಯಾಥಲಿಕ್ ಜಾತ್ರೆಯೊಂದರ ಬಾವಿ ಪ್ರಾಟೆಸ್ಟೆಂಟ್ ವಿದ್ಯಾಲಯದ ಬೇಲಿಗೆ ತಾಗಿ ಉಳಿಯಿತು.

ಜಾತ್ರೆ ಮಾತ್ರ ನಿಲ್ಲಲಿಲ್ಲ. ಅದಕ್ಕೆ ಸಾಕ್ಷಿ ನುಡಿದವನು ಅದನ್ನು ಕಂಡರಾಗದ ಬಾರ್ನಬಿ ರಿಚ್. ಇಂಗ್ಲೆಂಡಿನಿಂದ ಬಂದು ಡಬ್ಲಿನ್ನಿನಲ್ಲಿ ನೆಲೆಸಿದ್ದ ಈ ಸೈನಿಕ 1610ರಲ್ಲಿ ಐರ್ಲೆಂಡ್ ವರ್ಣನೆಯ ಪುಸ್ತಕ ಪ್ರಕಟಿಸಿದ. ಅವನ ಪ್ರಕಾರ ನಗರದ ಪೂರ್ವಕ್ಕೆ ಪ್ಯಾಟ್ರಿಕ್ಕನ ಬಾವಿ, ಪಶ್ಚಿಮಕ್ಕೆ ಸಂತ ಜೇಮ್ಸನ ಬಾವಿ. ಪ್ಯಾಟ್ರಿಕ್ಕನ ನೀರಿಗೆ ವರ್ಷವಿಡೀ ಗುಣವಿದ್ದರೂ ಅದರ ಶಕ್ತಿ ತುದಿಗೇರುವುದು ಹಬ್ಬದ ದಿನವಾದ ಮಾರ್ಚ್ 17ರಂದು. ಆ ದಿನ ಕೀಳು ಜನರ ದಂಡೇ ಬಂದು ಮೂಢಾಚಾರಗಳಲ್ಲಿ ತೊಡಗುತ್ತದೆ ಎಂದು ಅವನು ಮೂಗು ಮುರಿಯುತ್ತಾನೆ. ಜೇಮ್ಸನ ಬಾವಿಯ ವಿಷಯಕ್ಕೆ ಬಂದಾಗ ಅವನ ಕೊಂಕು ಇನ್ನೂ ಹರಿತ. ಜುಲೈ 25ರಂದು ಆ ಬಾವಿಯ ಬಳಿ ದೊಡ್ಡ ಸಂತೆ ನೆರೆಯುತ್ತದೆ, ಅಲ್ಲಿ ಮಾರಾಟಕ್ಕಿರುವ ಸರಕು ಒಂದೇ, ಏಲ್ ಎಂಬ ಬಿಯರು ಎನ್ನುತ್ತಾನೆ. ದ್ವೇಷಿಸುವವನ ಬರಹಕ್ಕೂ ಒಂದು ಉಪಯೋಗವುಂಟು. ಭಕ್ತನಾದವನು ಬಾವಿ ಊರಿನ ಯಾವ ಕಡೆ ಇತ್ತು, ಅಲ್ಲಿ ಏನು ಮಾರುತ್ತಿದ್ದರು ಎಂದು ಬರೆಯುವ ಗೋಜಿಗೆ ಹೋಗುವುದಿಲ್ಲ, ಏಕೆಂದರೆ ಅದು ಅವನ ಸುತ್ತಲಿನವರಿಗೆಲ್ಲ ಗೊತ್ತು. ಕಂಡರಾಗದವನು ದಿಕ್ಕು, ದಿನ, ಸರಕು ಎಲ್ಲವನ್ನೂ ಗುರುತು ಹಾಕುತ್ತಾನೆ. ಪ್ಯಾಟ್ರಿಕ್ಕನ ಬಾವಿ ನಗರದ ಪೂರ್ವಕ್ಕಿತ್ತು ಎಂಬ ಅವನ ಒಂದು ಮಾತಿಗೆ ಮುಂದೆ ಬಹಳ ಬೆಲೆ ಬರಲಿದೆ.

ಬಾವಿಯ ಮುಂದೆ ಹಾಯುತ್ತಿದ್ದ ದಾರಿಗೆ ಆಗ ಸಂತ ಪ್ಯಾಟ್ರಿಕ್ಕನ ಬಾವಿ ಓಣಿ ಎಂದೇ ಹೆಸರು. 1685ರಲ್ಲಿ ಸರ್ ವಿಲಿಯಂ ಡೇವಿಸ್ ಎಂಬ ನ್ಯಾಯಾಧೀಶ ಸಮೀಪದ ಥಿಂಗ್‌ಮೋಟ್ ದಿಬ್ಬವನ್ನು ನೆಲಸಮ ಮಾಡಿಸಿದ. ಅಷ್ಟು ಮಣ್ಣನ್ನು ಎಲ್ಲಿಗಾದರೂ ಹಾಕಬೇಕಲ್ಲ. ತಗ್ಗಿನಲ್ಲಿದ್ದ ಬಾವಿ ಓಣಿಗೆ ಸುರಿದರು. ಓಣಿ ಎಂಟು ಹತ್ತು ಅಡಿ ಮೇಲೇರಿತು. ಬೀದಿಯ ಪಾದಚಾರಿ ಹಾದಿಯಲ್ಲಿ ನಿಂತು ಕಬ್ಬಿಣದ ಕಟಕಟೆಯ ಸಂದಿಯಿಂದ ಕಾಲೇಜಿನ ಕಡೆ ಇಣುಕಿದರೆ ಇದು ಇಂದಿಗೂ ಕಾಣುತ್ತದೆ. ಬಸ್ಸು ನಿಲ್ಲುವ ನೆಲಕ್ಕೂ ಒಳಗಿನ ಹುಲ್ಲುಹಾಸಿಗೂ ಸಮಮಟ್ಟವಿಲ್ಲ. ಒಳಗೆ ಕ್ರಿಕೆಟ್ ಆಡುವವರನ್ನು ಬೀದಿಯವರು ಮೇಲಿನಿಂದ ಕೆಳಕ್ಕೆ ನೋಡುತ್ತಾರೆ. ಹುಲ್ಲುಹಾಸಿನದು ಹಳೆಯ ಮಟ್ಟ, ಬೀದಿಯದು ವೈಕಿಂಗರ ಸಭಾದಿಬ್ಬದ ಮಣ್ಣು. ಬಾವಿ ಇದ್ದಲ್ಲೇ ಉಳಿದು, ಅದರ ಬಾಯಿ ನೆಲಮಾಳಿಗೆಗೆ ಸೇರಿಹೋಯಿತು. ಅದನ್ನು ಹೂಳಬೇಕೆಂದು ಯಾರೂ ಹಟ ತೊಟ್ಟಿರಲಿಲ್ಲ. ಊರುಗಳು ತಮ್ಮ ಹಳೆಯ ಜಾಗಗಳನ್ನು ಕಳೆದುಕೊಳ್ಳುವುದು ಹೆಚ್ಚಾಗಿ ಹೀಗೆಯೇ, ಯಾರದೋ ಮಣ್ಣು ಎತ್ತಿ ಹಾಕುವ ತರಾತುರಿಯಲ್ಲಿ.

ಹಟ ತೊಟ್ಟದ್ದು ಕಾನೂನು. ಪೋಪನ ಮತ ಬೆಳೆಯದಂತೆ ತಡೆಯಲು ಐರಿಷ್ ಪಾರ್ಲಿಮೆಂಟು 1704ರಲ್ಲಿ ತಂದ ಕಾಯ್ದೆಯಲ್ಲಿ ತೀರ್ಥಬಾವಿಗಳ ಮೇಲೊಂದು ಕಲಮು ಇತ್ತು. ಬಾವಿಗಳ ಬಳಿ ಸೇರುವುದು ದಂಗೆಗೆ ಸಮ. ಸೇರಿದವರಿಗೆ 10 ಶಿಲ್ಲಿಂಗ್ ದಂಡ. ಅಲ್ಲಿ ಬಿಯರು, ತಿಂಡಿ, ಇತರ ಸರಕು ಮಾರುವವರಿಗೆ 20 ಶಿಲ್ಲಿಂಗ್. ದಂಡ ಕಟ್ಟಲಾಗದವರಿಗೆ ಬಹಿರಂಗವಾಗಿ ಚಾಟಿಯೇಟು. ಭಕ್ತನಿಗಿಂತ ವ್ಯಾಪಾರಿಗೆ ಇಮ್ಮಡಿ ದಂಡ ಹಾಕಿದವರಿಗೆ ಜಾತ್ರೆಯ ಮರ್ಮ ಚೆನ್ನಾಗಿ ಗೊತ್ತಿತ್ತೆನ್ನಬೇಕು. ಅಂಗಡಿ ಎದ್ದರೆ ಜಾತ್ರೆಯೂ ಏಳುತ್ತದೆ. 1710ರಲ್ಲಿ ಡಬ್ಲಿನ್ ಬಳಿಯ ಸಂತ ಜಾನನ ಬಾವಿಯ ಕೂಟಗಳ ಮೇಲೂ ಅಲ್ಲಿನ ಕಾಮನ್ಸ್ ಸಭೆ ನಿರ್ಣಯ ಮಾಡಿತು. ಒಂದೇ ಬಗೆಯ ನಿಷೇಧವನ್ನು ಕೆಲವೇ ವರ್ಷಗಳ ಅಂತರದಲ್ಲಿ ಮತ್ತೆ ಸಾರಬೇಕಾಯಿತೆಂದರೆ, ಮೊದಲಿನದು ಎಷ್ಟರಮಟ್ಟಿಗೆ ನಡೆದಿತ್ತು ಎಂದು ಬೇರೆ ಹೇಳಬೇಕಾಗಿಲ್ಲ. ಪ್ಯಾಟರ್ನುಗಳನ್ನು ನಿಜಕ್ಕೂ ಸೊರಗಿಸಿದ್ದು ಮುಂದಿನ ಶತಮಾನದ ಕ್ಯಾಥಲಿಕ್ ಬಿಷಪ್ಪರು. ಕುಡಿತ, ಹೊಡೆದಾಟಗಳಿಂದ ಮರ್ಯಾದೆ ಹೋಗುತ್ತದೆಂದು ಅವರು ತಮ್ಮ ಪಾದ್ರಿಗಳನ್ನು ಬಾವಿಗಳಿಂದ ದೂರ ಇರಿಸಿದರು. 1840ರ ದಶಕದ ಮಹಾಕ್ಷಾಮ ಉಳಿದ ಕೆಲಸ ಮುಗಿಸಿತು.

ಈ ನಡುವೆ ಬಾವಿ ಸಾಹಿತ್ಯಕ್ಕೂ ಕಾಲಿಟ್ಟಿತು. 1720ರ ದಶಕದ ಉತ್ತರಾರ್ಧದಲ್ಲಿ ಅದು ಇದ್ದಕ್ಕಿದ್ದಂತೆ ಬತ್ತಿತು. ಆಗ ಸಂತ ಪ್ಯಾಟ್ರಿಕ್ಕನ ಕ್ಯಾಥೆಡ್ರಲಿನ ಡೀನ್ ಆಗಿದ್ದವನು ಜೊನಾಥನ್ ಸ್ವಿಫ್ಟ್. ಗಲಿವರನ ಯಾತ್ರೆಗಳನ್ನು ಬರೆದ ಆ ಸ್ವಿಫ್ಟನೇ. ಬಾವಿ ಬತ್ತಿದ್ದನ್ನೇ ನೆಪ ಮಾಡಿಕೊಂಡು ಅವನು ಪದ್ಯವೊಂದನ್ನು ಬರೆದ. ಅದರಲ್ಲಿ ಮಾತನಾಡುವವನು ಸ್ವತಃ ಪ್ಯಾಟ್ರಿಕ್. ಒಂದು ಕಾಲಕ್ಕೆ ಬ್ರಿಟನ್ನಿಗೇ ವಿದ್ಯೆ ಕಲಿಸಿದ ದೇಶ ಇಂದು ಆ ಬ್ರಿಟನ್ನಿನ ಕಾಲಡಿ ಬಿದ್ದಿದೆ, ಇಂಥ ಜನಕ್ಕೆ ತನ್ನ ನೀರು ಏಕೆ ಎಂದು ಸಂತ ಸಿಟ್ಟಾಗುತ್ತಾನೆ. ಇಂಗ್ಲಿಷರು ತಂದ ಕಳಪೆ ತಾಮ್ರದ ನಾಣ್ಯದ ಮೇಲೂ ಹರಿಹಾಯುತ್ತಾನೆ. ಹಾವುಗಳನ್ನು ತಾನು ಓಡಿಸಿದ ನೆಲಕ್ಕೆ ಈಗ ಕಪ್ಪೆಯೂ ಮ್ಯಾಗ್‌ಪೈ ಹಕ್ಕಿಯೂ ಬಂದು ಸೇರಿದವಲ್ಲ ಎಂಬುದು ಅವನ ಇನ್ನೊಂದು ತಕರಾರು. ಕಪ್ಪೆಯ ಮಾತಿಗೆ ಹಿನ್ನೆಲೆಯುಂಟು. ಟ್ರಿನಿಟಿಯ ಡಾಕ್ಟರ್ ಗ್ವಿದರ್ಸ್ 1690ರ ದಶಕದಲ್ಲಿ ಇಂಗ್ಲೆಂಡಿನಿಂದ ಕಪ್ಪೆಯ ಮೊಟ್ಟೆ ತರಿಸಿ ಕಾಲೇಜಿನ ಹೊರಬಯಲಿನ ಕಾಲುವೆಗೆ ಬಿಟ್ಟನೆಂದೂ, ಐರ್ಲೆಂಡಿನ ಕಪ್ಪೆಗಳೆಲ್ಲ ಅವುಗಳ ಸಂತತಿಯೆಂದೂ ಪ್ರತೀತಿ. ಕಥೆ ನಿಜವಾದರೆ ಐರ್ಲೆಂಡಿನ ಮೊದಲ ಕಪ್ಪೆ ವಟಗುಟ್ಟಿದ್ದು ಪ್ಯಾಟ್ರಿಕ್ಕನ ಬಾವಿಗೆ ಕೇಳಿಸುವಷ್ಟು ಹತ್ತಿರದಲ್ಲಿ.

ಮೂಢಾಚಾರವನ್ನು ಸಹಿಸದ ಪ್ರಾಟೆಸ್ಟೆಂಟ್ ಡೀನ್ ಒಬ್ಬ ಕ್ಯಾಥಲಿಕ್ ಜನರ ಬಾವಿಗಾಗಿ ಪದ್ಯ ಬರೆದದ್ದು ವಿಚಿತ್ರವೆನಿಸಬಹುದು. ಸ್ವಿಫ್ಟನಿಗೆ ಬಾವಿಯ ಮಹಿಮೆಯಲ್ಲಿ ನಂಬಿಕೆ ಇರಲಿಲ್ಲ, ಬತ್ತಿದ ಬಾವಿ ಅವನಿಗೆ ಬೇಕಾಗಿತ್ತು. ಬೆಳೆ ಕೈಕೊಟ್ಟ, ಹಸಿವಿನ ವರ್ಷಗಳವು. ಬಡವರ ಮಕ್ಕಳನ್ನು ಬೇಯಿಸಿ ತಿನ್ನುವ ಸಲಹೆ ಕೊಡುವ ಅವನ ಕಟು ವಿಡಂಬನೆ ಅಚ್ಚಾದದ್ದು 1729ರಲ್ಲಿ. ಕೆಲವೇ ವರ್ಷಗಳಲ್ಲಿ ಬಾವಿಯನ್ನು ದುರಸ್ತಿ ಮಾಡಿದರು. ಬತ್ತಿದ ಬಾವಿಗೆ ಪದ್ಯ ಸಿಕ್ಕಿತು, ನೀರು ಮರಳಿದ ಬಾವಿಗೆ ಯಾರೂ ಬರೆಯಲಿಲ್ಲ.

18ನೆಯ ಶತಮಾನದಲ್ಲಿ ಓಣಿಯ ಹೆಸರೂ ಹೋಯಿತು. ಬಾಯ್ನ್ ಕದನದಲ್ಲಿ ಕ್ಯಾಥಲಿಕ್ ದೊರೆಯನ್ನು ಸೋಲಿಸಿದ ಮೂರನೆಯ ವಿಲಿಯಮನ ವಂಶದ ಹೆಸರಿನಿಂದ ಅದು ನಾಸೋ ಬೀದಿಯಾಯಿತು. ಸಂತನ ಹೆಸರು ಅಳಿಸಿ ದೊರೆಯ ಹೆಸರು ಬರೆದದ್ದರಲ್ಲಿ ರಾಜಕೀಯವಿಲ್ಲ ಎಂದುಕೊಳ್ಳುವುದು ಕಷ್ಟ. ಆ ಮೇಲೆ ಈ ಬೀದಿ ಬೇರೆ ಕಾರಣಗಳಿಗೆ ಪ್ರಸಿದ್ಧವಾಯಿತು. 1904ರ ಜೂನ್ 10ರಂದು ಜೇಮ್ಸ್ ಜಾಯ್ಸ್ ತನ್ನ ಬಾಳಸಂಗಾತಿಯಾಗಲಿದ್ದ ನೋರಾ ಬಾರ್ನಕಲ್‌ಳನ್ನು ಮೊದಲು ಮಾತನಾಡಿಸಿದ್ದು ಇಲ್ಲಿಯೇ. ಆಕೆ ಕೆಲಸಕ್ಕಿದ್ದ ಫಿನ್ಸ್ ಹೋಟೆಲಿನ ಹೆಸರು ಬೀದಿಯ ಪೂರ್ವದ ತುದಿಯಾಚೆ ಇಟ್ಟಿಗೆಗೋಡೆಯ ಮೇಲೆ ಮಾಸಿದ ಅಕ್ಷರಗಳಲ್ಲಿ ಇನ್ನೂ ಓದಸಿಗುತ್ತದೆ. ಸಾಹಿತ್ಯಪ್ರವಾಸಿಗಳು ಆ ಗೋಡೆಯ ಫೋಟೊ ತೆಗೆದುಕೊಂಡು ಹೊರಡುತ್ತಾರೆ.

ಪ್ಯಾಟ್ರಿಕ್ಕನ ಬಾವಿಯೆಲ್ಲಿ ಎಂದು ಡಬ್ಲಿನ್ನಿನಲ್ಲಿ ವಿಚಾರಿಸಿದರೆ ಸಾಮಾನ್ಯವಾಗಿ ಕಳಿಸುವುದು ಇಲ್ಲಿಗಲ್ಲ, ಪಶ್ಚಿಮಕ್ಕೆ ಇಪ್ಪತ್ತು ನಿಮಿಷದ ನಡಿಗೆಯಷ್ಟು ದೂರದಲ್ಲಿರುವ ಪ್ಯಾಟ್ರಿಕ್ ಕ್ಯಾಥೆಡ್ರಲಿಗೆ. ದಾರಿ ಸಫೋಕ್ ಬೀದಿಯನ್ನು ಹಾಯುತ್ತದೆ. 2014ರಲ್ಲಿ ಗ್ರಾಫ್ಟನ್ ಬೀದಿಯಿಂದ ಎತ್ತಿ ತಂದ, ಮೀನು ಮಾರುವ ಮಾಲಿ ಮಲೋನಳ ಕಂಚಿನ ಪ್ರತಿಮೆಯ ಸುತ್ತ ಇಲ್ಲಿ ಸದಾ ಜನ. ಥಿಂಗ್‌ಮೋಟ್ ದಿಬ್ಬ ಇದ್ದದ್ದು ಈ ಆಸುಪಾಸಿನಲ್ಲೇ, ಅದರ ಗುರುತಿಗೆ ಒಂದು ಉಬ್ಬೂ ಉಳಿದಿಲ್ಲ. ಮುಂದೆ ಡಬ್ಲಿನ್ ಕೋಟೆಯ ಹಿಂದಿನ ತೋಟ, ಊರಿಗೆ ಹೆಸರು ಕೊಟ್ಟ ಕಪ್ಪುಮಡುವಿನ ಜಾಗ. ಆ ಮಡುವಿಗೆ ನೀರು ತರುತ್ತಿದ್ದ ಪಾಡಲ್ ಹೊಳೆ ಈಗ ಬೀದಿಗಳ ಅಡಿಯಲ್ಲಿ ಹರಿದು, ವೆಲಿಂಗ್ಟನ್ ಕೀಯ ಕಲ್ಲುಗೋಡೆಯ ತೂತಿನಿಂದ ಲಿಫಿಗೆ ಬೀಳುತ್ತದೆ. ಕೋಟೆಯ ಪಕ್ಕದ ಹೋಯೀಸ್ ಕೋರ್ಟ್ ಎಂಬ ಅಂಗಳದಲ್ಲಿ 1667ರಲ್ಲಿ ಸ್ವಿಫ್ಟ್ ಹುಟ್ಟಿದ.

ಕ್ಯಾಥೆಡ್ರಲಿನ ಜಾಗ ಒಂದು ಕಾಲಕ್ಕೆ ಪಾಡಲ್ ಹೊಳೆಯ ಎರಡು ಕವಲುಗಳ ನಡುವಿನ ನಡುಗಡ್ಡೆ. ಅಲ್ಲಿದ್ದ ಹಳೆಯ ಪುಟ್ಟ ಚರ್ಚಿಗೆ 1191ರಲ್ಲಿ ಆರ್ಚ್‌ಬಿಷಪ್ ಜಾನ್ ಕಮಿನ್ ಹೊಸ ಪಟ್ಟ ಕೊಟ್ಟ. ಈಗಿನ ಕಟ್ಟಡ ಅಚ್ಚುಕಟ್ಟಾಗಿ ಕಾಣುವುದಕ್ಕೆ 1860ರಿಂದ 1865ರವರೆಗೆ ಬೆಂಜಮಿನ್ ಲೀ ಗಿನ್ನೆಸ್ ತನ್ನ ಹಣದಲ್ಲಿ ಮಾಡಿಸಿದ ಜೀರ್ಣೋದ್ಧಾರ ಕಾರಣ. ಅವನ ಮಗ ಲಾರ್ಡ್ ಐವೀ ಪಕ್ಕದ ಕೊಳಕು ವಠಾರಗಳನ್ನು ಕೆಡವಿಸಿ ಉದ್ಯಾನ ಮಾಡಿಸಿದ. ಆ ಕೆಲಸ ನಡೆಯುವಾಗ, 1901ರಲ್ಲಿ, ಅಗೆಯುವವರಿಗೆ ನೆಲದಡಿಯಲ್ಲಿ ಆರು ಹಳೆಯ ಸಮಾಧಿ ಕಲ್ಲುಗಳು ಸಿಕ್ಕವು. ಅವು ಸಾವಿರ ವರ್ಷದಷ್ಟು ಹಳೆಯವು. ಅವುಗಳಲ್ಲೊಂದು ಬಾವಿಯೊಂದರ ಅವಶೇಷವನ್ನು ಮುಚ್ಚಿತ್ತು. ಶಿಲುಬೆ ಕೆತ್ತಿದ ಆ ಬೆಣಚಿನ ಚಪ್ಪಡಿ ಈಗ ಕ್ಯಾಥೆಡ್ರಲಿನ ಒಳಗಿದೆ. 5ನೆಯ ಶತಮಾನದಲ್ಲಿ ಪ್ಯಾಟ್ರಿಕ್ ದೀಕ್ಷಾಸ್ನಾನ ಮಾಡಿಸಿದ ಬಾವಿ ಇಲ್ಲೇ ಹತ್ತಿರ ಇದ್ದಿತೆಂದು ಉದ್ಯಾನದಲ್ಲಿ ಕಲ್ಲೊಂದು ಸಾರುತ್ತದೆ. ಹೂವಿನ ಪಾತಿ, ಕಾರಂಜಿ, ಎದುರಿಗೆ ಕ್ಯಾಥೆಡ್ರಲಿನ ಶಿಖರ. ಫೋಟೊಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಎರಡರಲ್ಲಿ ಯಾವುದು ಸರಿ? ಎರಡಕ್ಕೂ ವಕೀಲರಿದ್ದಾರೆ. ಕ್ಯಾಥೆಡ್ರಲಿನ ಬಾವಿಯ ಪರವಾಗಿ ಕಲ್ಲಿದೆ, ಹಳೆಯ ಚರ್ಚಿದೆ. ಆದರೆ ಜಾತ್ರೆ ನೆರೆಯುತ್ತಿದ್ದ, ಮಾರ್ಚ್ 17ರಂದು ಜನ ಮುಗಿಬೀಳುತ್ತಿದ್ದ ಬಾವಿ ನಗರದ ಪೂರ್ವಕ್ಕಿತ್ತು ಎನ್ನುತ್ತಾನೆ ರಿಚ್. ಕ್ಯಾಥೆಡ್ರಲ್ ಇರುವುದು ಹಳೆಯ ಕೋಟೆಗೋಡೆಯ ದಕ್ಷಿಣಕ್ಕೆ. ಓಣಿಯ ಹೆಸರು ನಾಸೋ ಬೀದಿಯ ಕಡೆ ಸಾಕ್ಷಿ ಹೇಳುತ್ತದೆ. ಕ್ಯಾಥೆಡ್ರಲಿನ ಡೀನನೇ ಆಗಿದ್ದ ಸ್ವಿಫ್ಟ್ ಬರೆದದ್ದು ತನ್ನ ಅಂಗಳದ ಬಾವಿಯನ್ನು ಕುರಿತಲ್ಲ, ಟ್ರಿನಿಟಿ ಪಕ್ಕದ ಬಾವಿಯನ್ನು ಕುರಿತು. ಜೋಸಲಿನ್ನನ ಉಪ್ಪುನೀರಿನ ದೂರು ಸಹ ಭರತ ಮುಟ್ಟುತ್ತಿದ್ದ ಪೂರ್ವದ ದಂಡೆಗೇ ಹೊಂದುತ್ತದೆ. ಜನ ನಂಬಿ ನೀರು ಕುಡಿದ ಬಾವಿ ಯಾವುದು ಎಂಬುದೇ ಪ್ರಶ್ನೆಯಾದರೆ ಉತ್ತರ ನಾಸೋ ಬೀದಿ. ಎರಡು ಊಟೆಗಳಿಗೂ ಒಬ್ಬನೇ ಸಂತನ ಹೆಸರಿದ್ದಿರಬಹುದು, ಅದರಲ್ಲಿ ಅಚ್ಚರಿಯೇನಿಲ್ಲ. ಪ್ಯಾಟ್ರಿಕ್ಕನ ಹೆಸರಿನ ಬಾವಿಗಳು ಆ ದೇಶದ ಉದ್ದಗಲಕ್ಕೂ ಇವೆ. ದಾಖಲೆಯಿರುವ ಬಾವಿ ಕಣ್ಣಿಗೆ ಬೀಳದೆ, ಐತಿಹ್ಯವಷ್ಟೇ ಇರುವ ಜಾಗಕ್ಕೆ ಪ್ರವಾಸಿಗಳ ಸಾಲು ಬಿದ್ದಿರುವುದು ಮಾತ್ರ ವಿಪರ್ಯಾಸ.

ರಿಚ್ ಹೇಳಿದ ಇನ್ನೊಂದು ಬಾವಿಯ ಕಡೆಗೂ ಅರ್ಧ ಗಂಟೆ ನಡೆದು ಹೋಗಬಹುದು. ಪಶ್ಚಿಮದ ಸೇಂಟ್ ಜೇಮ್ಸ್ ಗೇಟ್, ಸ್ಪೇನಿನ ಸಾಂತಿಯಾಗೊ ಯಾತ್ರೆಗೆ ಹೊರಡುವವರು ನಗರ ಬಿಡುತ್ತಿದ್ದ ಬಾಗಿಲು. ಇಲ್ಲಿ 1759ರಲ್ಲಿ ಆರ್ಥರ್ ಗಿನ್ನೆಸ್ ಪಾಳುಬಿದ್ದ ಬಿಯರು ಭಟ್ಟಿಯೊಂದನ್ನು 9,000 ವರ್ಷದ ಗುತ್ತಿಗೆಗೆ ಹಿಡಿದ. ಏಲ್ ಒಂದೇ ಮಾರುತ್ತಿದ್ದ ಜಾತ್ರೆಯ ನೆಲದಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಕಪ್ಪು ಬಿಯರಿನ ಕಾರ್ಖಾನೆ ಎದ್ದಿತೆಂದರೆ ರಿಚ್ ಮುಸಿನಗುತ್ತಿದ್ದನೇನೋ. ಆರ್ಥರನಿಗೆ ನೀರಿನ ಬೆಲೆ ಗೊತ್ತಿತ್ತು. 1775ರಲ್ಲಿ ನಗರಸಭೆಯವರು ತನ್ನ ಕಾಲುವೆ ಮುಚ್ಚಲು ಬಂದಾಗ ಅವನೇ ಗುದ್ದಲಿ ಕಸಿದುಕೊಂಡು ಅಡ್ಡ ನಿಂತ. ಜೇಮ್ಸ್ ಬೀದಿಯಲ್ಲಿ ಈಗ ಬಾವಿಯಿಲ್ಲ. 1790ರಲ್ಲಿ ನಿಲ್ಲಿಸಿದ, ಸೂರ್ಯಗಡಿಯಾರಗಳಿರುವ ಮೊನೆಗಂಬದ ನಲ್ಲಿಯಿದೆ. ಆ ಕಡೆ ಶವ ಒಯ್ಯುವವರು ಪೆಟ್ಟಿಗೆಯನ್ನು ಈ ಕಂಬಕ್ಕೆ ಮೂರು ಸುತ್ತು ತಂದು ಮುಂದೆ ಸಾಗುವ ರೂಢಿ ಬಹುಕಾಲ ನಡೆಯಿತು. ಬಾವಿ ಹೋದರೂ ಸುತ್ತು ಉಳಿಯಿತು ಎನ್ನಲು ಇದಕ್ಕಿಂತ ಬೇರೆ ನಿದರ್ಶನ ಬೇಡ.

ನೀರಿಗಾಗಿ ಬಾವಿಗೆ ಹೋಗುವುದು ಕೊನೆಗೊಂಡದ್ದು ನಲ್ಲಿಯಿಂದ. 1244ರಲ್ಲೇ ಡಾಡರ್ ನದಿಯಿಂದ ನಗರಕ್ಕೆ ಕಾಲುವೆ ತರಲು ಆಜ್ಞೆಯಾಗಿತ್ತು. ಆದರೂ ಬೀದಿಯ ಬಾವಿಗಳಿಲ್ಲದೆ ಬಡವರಿಗೆ ನಡೆಯುತ್ತಿರಲಿಲ್ಲ. ಆ ಬಾವಿಗಳ ನೀರಿಗೆ ಚರಂಡಿಯೂ ಸ್ಮಶಾನವೂ ಬಸಿಯುತ್ತಿದ್ದವು. 1868ರಲ್ಲಿ ವಿಕ್ಲೋ ಬೆಟ್ಟಗಳ ವಾರ್ಟ್ರಿ ಜಲಾಶಯದಿಂದ ಕೊಳವೆಯಲ್ಲಿ ಶುದ್ಧನೀರು ಬಂದಿತು. ಅದಕ್ಕಾಗಿ ಹೋರಾಡಿದ ಸರ್ ಜಾನ್ ಗ್ರೇಯ ಪ್ರತಿಮೆ ಓಕಾನಲ್ ಬೀದಿಯಲ್ಲಿದೆ. ಕಾಲರಾದಿಂದ ಬೆಂದ ಊರಿಗೆ ಇದು ಯಾವ ಸಂತನ ಪವಾಡಕ್ಕೂ ಕಡಿಮೆಯದಲ್ಲ, ಬಾವಿಗಳಿಗಾಗಿ ಮರುಗುವವರು ಇದನ್ನು ಮರೆಯಬಾರದು.

ಉಳಿದದ್ದನ್ನು ಕಾಗದದ ಮೇಲೆ ಹಿಡಿದಿಟ್ಟದ್ದು 20ನೆಯ ಶತಮಾನ. ಐರಿಷ್ ಜಾನಪದ ಆಯೋಗ 1937ರಿಂದ 1939ರವರೆಗೆ ಪ್ರಾಥಮಿಕ ಶಾಲೆಗಳ ಸುಮಾರು 50,000 ಮಕ್ಕಳಿಂದ ಅವರವರ ಊರಿನ ಹಿರಿಯರ ನೆನಪುಗಳನ್ನು ಬರೆಸಿತು. ಏಳು ಲಕ್ಷಕ್ಕೂ ಹೆಚ್ಚು ಪುಟಗಳ ಆ ಭಂಡಾರದಲ್ಲಿ ತೀರ್ಥಬಾವಿಗಳೂ ಒಂದು ವಿಷಯ. ಅಲ್ಲಿ ಮತ್ತೆ ಮತ್ತೆ ಬರುವ ಕಥೆಯೊಂದುಂಟು. ಯಾರೋ ಬಾವಿಯಲ್ಲಿ ಕೊಳೆಬಟ್ಟೆ ಒಗೆದರು, ರಾತ್ರೋರಾತ್ರಿ ಬಾವಿ ಅಲ್ಲಿಂದೆದ್ದು ಪಕ್ಕದ ಹೊಲಕ್ಕೆ ಹೋಯಿತು. ಆ ನೀರನ್ನು ಎಷ್ಟು ಉರಿ ಹಾಕಿದರೂ ಕುದಿಯದು ಎಂಬುದು ಇನ್ನೊಂದು. ಡಬ್ಲಿನ್ ಕೌಂಟಿಯ ಬಾವಿಗಳನ್ನು ಪ್ರತ್ಯೇಕವಾಗಿ ಪಟ್ಟಿ ಮಾಡಿದವನು ಜಾನಪದ ವಿದ್ವಾಂಸ ಕ್ವಿವೀನ್ ಓ ಡೊನಹರ್, 1950ರ ದಶಕದ ಕೊನೆಯಲ್ಲಿ. ನಗರ ಹಬ್ಬಿ ಹೊಲಗಳೆಲ್ಲ ಬಡಾವಣೆಗಳಾಗುವ ಮೊದಲು ಆ ಕೆಲಸ ನಡೆದದ್ದು ಪುಣ್ಯ.

ಪುಸ್ತಕದ ಹೊರಗೆ, ಕಲ್ಲು ನೀರುಗಳ ಸಮೇತ ಬಾವಿಯನ್ನು ಕಾಣಬೇಕಾದವರು ನಗರದ ಈಶಾನ್ಯಕ್ಕೆ ಮಾಲಹೈಡ್ ರಸ್ತೆಯಲ್ಲಿ ಬಾಲ್‌ಗ್ರಿಫಿನ್‌ವರೆಗೆ ಹೋಗಬೇಕು. ಅಲ್ಲಿನ ಸಂತ ಡೂಲಕ್‌ನ ಚರ್ಚಿನ ಪಕ್ಕದಲ್ಲಿ ಊಟೆಯ ಮೇಲೆ ಕಟ್ಟಿದ ಎಂಟು ಮೂಲೆಯ ಪುಟ್ಟ ಕಲ್ಲುಮನೆಯಿದೆ, ಸೂರೂ ಕಲ್ಲಿನದೇ. ಒಳಗಿನ ಗೋಡೆಗಳಿಗೆ 1609ರಲ್ಲಿ ಸಂತರ ಚಿತ್ರ ಬರೆಸಿದ್ದರು. 1690ರ ಬಾಯ್ನ್ ಕದನದಿಂದ ಹಿಂದಿರುಗುತ್ತಿದ್ದ ಸೈನಿಕರು ಅವನ್ನು ಕೆರೆದು ಹಾಕಿದರು ಎನ್ನುತ್ತಾರೆ. ಚಿತ್ರಗಳಿಲ್ಲ, ಕಲ್ಲುಮನೆ ಗಟ್ಟಿಯಾಗಿದೆ.